ಹೊಗೆಯಿಲ್ಲದ ನೀರು

ಕೋಡಿಬಾಗದ ನಮ್ಮ ಬಚ್ಚಲಲ್ಲಿ ಒಲೆಯಿಲ್ಲ.
ಕೂಸು ಮೀಯಿಸಲು ಬಂದ ಶೇವಂತಿಬಾಯಿ
ಹಂಡೆ ಹುಡುಕಿದಳು, ಬೂದಿ ಹುಡುಕಿದಳು,
ಕೊನೆಗೆ ನಲ್ಲಿಯನ್ನು ಗುಮಾನಿಯಿಂದ ತಿರುವಿದಳು.

ಮೊದಲು ಬರೇ ತಣ್ಣೀರು. ಅರ್ಧ ಬಕೆಟ್
ಬಸಳೆ ಬುಡಕ್ಕೆಂದು ಬದಿಗಿಟ್ಟಳು. ಆಮೇಲೆ
ಅಯ್ಯಯ್ಯೋ, ಮೊಣಕೈ ಚುರುಕ್!
“ಹೊಗೆ ಇಲ್ದಿದ್ರೆ ನಂಬೂದು ಹೇಗೆ?
ತಾರಸಿ ಮೇಲೆ ಎಂತ ಇಟ್ಟೀರಿ?”

ನಿನ್ನೆಯ ಬಿಸಿಲು, ಅಂದೆ.
ಸಂಜೆ ಕಡಲಿಗಿಳಿದು ಹೋಯ್ತಲ್ಲ, ಅದೇ.

“ಅಲ್ಲಿ ಮುಳುಗಿದ್ದು ಇಲ್ಲಿ ಹೇಗೆ ಉಳೀತು” ಅನ್ನುತ್ತ
ತಣ್ಣೀರು ಬೆರೆಸಿ, ಮತ್ತೊಮ್ಮೆ ಮೊಣಕೈ ಅದ್ದಿ,
ಚಾಚಿದ ಕಾಲ ಮೇಲೆ ಕೂಸನ್ನು ಮಲಗಿಸಿಕೊಂಡಳು.
ಹುಟ್ಟಿ ಹನ್ನೊಂದು ದಿನ. ಹೊಸ್ತಿಲು ದಾಟಿಲ್ಲ,
ಗಾಳಿ ಸೋಕೀತೆಂದು ಕಿಟಕಿಗೂ ಹಳೇ ಸೀರೆ.

ಚೊಂಬು ಬಗ್ಗಿತು.
ಬಿಗಿದ ಮುಷ್ಟಿ ಬಿಚ್ಚಿದಳು ನನ್ನ ಮಗಳು,
ಸೂರ್ಯನನ್ನು ಇನ್ನೂ ನೋಡದವಳು.