ನಡುಕಕ್ಕೆ ಮುಂಚೆ

ಮದ್ದೂರಿನಾಚೆ ಡೈರಿಯ ಕೋಲ್ಡ್ ರೂಮಿನಲ್ಲಿ
ಹದಿನಾಲ್ಕು ವರ್ಷ ಮೊಸರಿನ ಕ್ರೇಟು ಎತ್ತಿದವನು ನಾನು.
ಚಳಿ ಅಂದರೇನು ಅಂತ ನನಗೇ ತೋರಿಸಲು
ಮೈಸೂರಿಗೆ ಕರೆಸಿದರು.
ಬಸ್ ಚಾರ್ಜು, ಏಳುನೂರು ರೂಪಾಯಿ, ಮಧ್ಯಾಹ್ನದ ಊಟ.
ರಾತ್ರಿಯಿಂದ ಏನೂ ತಿಂದಿರಬಾರದು.

ತೊಡಿಸಿದ ಅಂಗಿಯ ತುಂಬ ಸಣ್ಣ ಕೊಳವೆ,
ಕೊಳವೆಯ ತುಂಬ ಓಡುವ ನೀರು.
ಮಾರ್ಗಶಿರದ ಬೆಳಗಿನಲ್ಲಿ ನಾಲೆಗೆ ಇಳಿದ ಹಾಗೆ,
ಆದರೆ ಎರಡು ಗಂಟೆ ಮೇಲೆ ಹತ್ತುವಂತಿಲ್ಲ.
"ನಡುಕ ಬರೋ ಹಾಗಾದ್ರೆ ಹೇಳಿ," ಎಂದರು ಡಾಕ್ಟರ್ ವಾಗ್ದೇವಿ.
"ನಡುಗಿದ್ರೆ ಮಾಂಸಖಂಡ ದುಡಿಯುತ್ತೆ, ಅದು ಬೇಡ.
ಅದಕ್ಕೂ ಮುಂಚೆ ಒಳಗೆ ಯಾರು ಎದ್ದು ಬರ್ತಾರೋ
ಅವರನ್ನ ನೋಡಬೇಕು."

ಯಾರು?
ನಲವತ್ತೊಂದು ವರ್ಷ ನನಗೇ ಗೊತ್ತಿಲ್ಲದೆ
ಬಾಡಿಗೆ ಕೊಡದೆ?

ಹಲ್ಲು ಕಟಕಟ ಎನ್ನುವ ಅಂಚಿನಲ್ಲಿ
ಟೆಕ್ನೀಷಿಯನ್ ಸಾದಿಕ್ ನೀರನ್ನು ಒಂದು ಗೆರೆ ಏರಿಸುತ್ತಾನೆ,
ಮೈ ಸುಮ್ಮನಾದರೆ ಒಂದು ಗೆರೆ ಇಳಿಸುತ್ತಾನೆ.
ಬೆಲ್ಲದ ಹದ ಹಿಡಿಯುವಾಗ ನನ್ನ ಮಾವ ಜವರಪ್ಪನೂ
ಕೊಪ್ಪರಿಗೆಯ ಮುಂದೆ ಹೀಗೇ
ಉಸಿರು ಕಟ್ಟಿ ನಿಲ್ಲುತ್ತಿದ್ದ.

ಆಮೇಲೆ ಸೂಜಿ, ಆಮೇಲೆ ಗುಂಯ್‌ಗುಡುವ ದೊಡ್ಡ ಉಂಗುರ,
ಆಮೇಲೆ ಪರದೆಯ ಮೇಲೆ ನಾನು.
ಕೊರಳೆಲುಬಿನ ಮೇಲ್ಗಡೆ ಎರಡೂ ಬದಿಗೆ,
ಬೆನ್ನುಮೂಳೆಯ ಪಕ್ಕದಲ್ಲಿ ಅಲ್ಲೊಂದು ಇಲ್ಲೊಂದು
ಬೆಳಕು.
ಯಾರೂ ಇಲ್ಲವೆಂದು ಬೀಗ ಜಡಿದ ಮನೆಯೊಳಗೆ
ಒಲೆ ಉರಿಯುತ್ತಲೇ ಇದ್ದ ಹಾಗೆ.

"ಕಂದು ಕೊಬ್ಬು," ಎಂದರು.
"ಹೊಟ್ಟೆಯ ಬಿಳಿ ಕೊಬ್ಬು ಕೂಡಿಡುತ್ತೆ, ಇದು ಸುಡುತ್ತೆ.
ಹಸುಗೂಸಿಗೆ ಮಾತ್ರ ಇರೋದು ಅಂದ್ಕೊಂಡಿದ್ವಿ, ಬಹಳ ವರ್ಷ."
ಕಂದು ಯಾಕೆ, ಕೇಳಿದೆ. ಕಬ್ಬಿಣವಂತೆ.
ಒಂದೊಂದು ಕಣದಲ್ಲೂ ಕಿಕ್ಕಿರಿದ ಒಲೆಗಳು,
ಒಲೆಗಳೊಳಗೆ ಕಬ್ಬಿಣ.
ಗಾಣದ ಎಂಜಿನ್ನಿನ ಬೆಲ್ಟು ಬಿಚ್ಚಿಟ್ಟು ಓಡಿಸಿದರೆ
ಕಬ್ಬು ಅರೆಯದು, ಹಾಲು ಇಳಿಯದು,
ಬಿಸಿ ಮಾತ್ರ. ಅದೇ ಇದರ ಕೆಲಸ.
ಇಂಥವನನ್ನು ನಮ್ಮ ಕಡೆ ದಂಡಪಿಂಡ ಅನ್ನುತ್ತೇವೆ.

ರಕ್ತ ಆರು ಸಲ ತೆಗೆದಿದ್ದರು.
ನಾರ್‌ಅಡ್ರಿನಲಿನ್ ಏರಿದೆ: ಬೀದಿ ಬೀದಿ ಕೂಗಿ
ಮಲಗಿದ್ದವರನ್ನು ಎಬ್ಬಿಸಿದ್ದು ಅದು.
ಥೈರಾಯ್ಡ್ ಕದಲಿಲ್ಲ, ಎರಡು ಗಂಟೆಗೆಲ್ಲ
ತಲೆ ಎತ್ತಿ ನೋಡುವ ಪೈಕಿಯಲ್ಲ.
ಲೆಪ್ಟಿನ್ ಕೊಂಚ ಇಳಿದಿದೆ: ಊಟದ ಪಂಕ್ತಿಯಲ್ಲಿ
ಎಲೆಗೆ ಅಡ್ಡ ಕೈ ಹಿಡಿದು 'ಸಾಕು, ಸಾಕು' ಎನ್ನುವ ದೊಡ್ಡಪ್ಪ.
ಅಡಿಪೊನೆಕ್ಟಿನ್ ಬಗ್ಗೆ ಕೇಳಿದ್ದಕ್ಕೆ
"ಇನ್ನೂ ನೋಡಬೇಕು" ಎಂದರು. ಆ ಮಾತು ಹಿಡಿಸಿತು.

ತೂಕ ಇಳಿಯುತ್ತಾ ಮೇಡಂ?
"ಹಾಗೆ ಹೇಳೋಕಾಗಲ್ಲ. ಸುಟ್ಟಿದ್ದನ್ನ ಮೈ ವಾಪಸ್ ಕೇಳುತ್ತೆ."
ಕ್ಯಾಂಟೀನಿನಲ್ಲಿ ಎರಡು ಮುದ್ದೆ ಮುಗಿಸಿ
ಮೂರನೆಯದಕ್ಕೆ ತಟ್ಟೆ ನೀಡಿದೆ.
ದೊಡ್ಡಪ್ಪ ಎಲ್ಲೂ ಕಾಣಲಿಲ್ಲ.

ಹೊರಡುವಾಗ ಸಾದಿಕ್ ಬಾಗಿಲಿಗೆ ಬಂದು ಹೇಳಿದ:
"ಔಷಧಿ ಇನ್ನೂ ಮೈಯಲ್ಲಿದೆ ಅಣ್ಣ,
ರಾತ್ರಿವರೆಗೂ ಎಳೆಗೂಸುಗಳ ಹತ್ತಿರ ಹೋಗಬೇಡಿ."

ಶ್ರೀರಂಗಪಟ್ಟಣದಲ್ಲಿ ಹತ್ತಿದ ಹೆಂಗಸು
ನನ್ನ ಪಕ್ಕದಲ್ಲೇ ಕೂತಳು, ಮಡಿಲಲ್ಲಿ ಬರಿಮೈ ಕೂಸು.
ಕಿಟಕಿಯ ಗಾಳಿಗೆ ಅದು ನಡುಗುತ್ತಿರಲಿಲ್ಲ.
ಎದ್ದೆ. ಹಿಂದಕ್ಕೆ ಹೋಗಿ ಕಂಬಿ ಹಿಡಿದು ನಿಂತೆ.
ಏನೆಂದುಕೊಂಡಳೋ.

ನನ್ನ ಮಗಳು ಏಳೂವರೆ ತಿಂಗಳಿಗೇ ಹುಟ್ಟಿದವಳು.
ದಿನ ತುಂಬದ ಕೂಸಿಗೆ ಒಳಗಿನ ಬೆಂಕಿ ಸಾಲದು ಎಂದು
ಹಗಲೆಲ್ಲ ಅವಳನ್ನು ಹೆಂಡತಿಯ ಎದೆಗೆ ಕಟ್ಟಿದರು,
ರಾತ್ರಿ ನನ್ನ ಎದೆಗೆ.
ಕೋಲ್ಡ್ ರೂಮಿನಿಂದ ಬಂದವನು,
ನನ್ನ ಮೈ ತಣ್ಣಗಿದ್ದೀತೆಂದು ಅಂಗೈ ಉಜ್ಜುತ್ತ ಕೂತಿದ್ದೆ.
ಅವಳ ತಲೆ ಬಂದು ನಿಲ್ಲುತ್ತಿದ್ದದ್ದು
ಇಲ್ಲೇ, ಈ ಎಲುಬಿನ ಮೇಲೆ.

ಮಂಡ್ಯದಲ್ಲಿ ಇಳಿದಾಗ ಕತ್ತಲಾಗಿತ್ತು.
ಅವಳೀಗ ಏಳನೇ ಕ್ಲಾಸು.
ಸ್ವೆಟರ್ ಹಾಕ್ಕೋ ಎಂದರೆ
ಕೇಳುವುದೇ ಇಲ್ಲ.