ಐದು ಜನಕ್ಕೆ ಒಂದು ಸಿಮ್

ಸರ್ಪಿಯ ಗಡಿಗೇಟು ಇನ್ನೂ ಇನ್ನೂರು ಮಾರು ದೂರವಿರುವಾಗಲೇ
ನನ್ನ ಫೋನು ನನ್ನನ್ನು ಬಿಟ್ಟು ಟರ್ಕಿಗೆ ಹೋಗಿತ್ತು.
ಸ್ವಾಗತ, ಎಂದು ಬಂತು ಮೆಸೇಜು; ಬೆನ್ನಿಗೇ ದರಪಟ್ಟಿ.
ಡೇಟಾ ಆರಿಸ್ರೇ, ಆರಿಸಿ! ಎತೇರಿ ಕೂಗಿದಳು.
ಒಲೆಯ ಮೇಲಿನ ಹಾಲು ನೆನಪಾದವರ ಹಾಗೆ
ಐದು ಜನ ಐದು ಚೀಲಕ್ಕೆ ಕೈ ಹಾಕಿದೆವು.
ಹೋದ ವರ್ಷ ಇದೇ ಕ್ಯೂನಲ್ಲಿ, ನಿಂತ ನಿಲುವಿನಲ್ಲಿ,
ಝುಝುನಾಳ ಮೂರು ದಿನದ ಕೂಲಿ ಗಾಳಿಗೆ ಹೋಗಿತ್ತು.

ಹೋಪಾದ ಅಂಗಡಿ ಹುಡುಗ ನಮ್ಮನ್ನೆಣಿಸಿ ಐದು ಬೆರಳು ತೋರಿಸಿದ.
ನಾನು ಒಂದು ತೋರಿಸಿದೆ.
ಇಪ್ಪತ್ತು ಜಿಬಿ, ಇಪ್ಪತ್ತೆಂಟು ದಿನ.
ಕುತೈಸಿಯ ಬೇಕರಿಯಲ್ಲಿ ಹದಿನಾರು ವರ್ಷ ಲೆಕ್ಕ ಬರೆದವಳು,
ರಸೀದಿಯ ಬೆನ್ನಿನಲ್ಲೇ ಭಾಗಿಸಿದೆ:
ತಲೆಗೆ ದಿನಕ್ಕೆ ನೂರ ನಲವತ್ತೆರಡು ಎಂಬಿ,
ಚಿಲ್ಲರೆ ಚೂರು ಯಾರಾದರೂ ದಾರಿ ತಪ್ಪಿದರೆ.

ರಿಜೆಯ ಗುಡ್ಡದಲ್ಲಿ, ಹಮ್‌ದಿಯ ಗೋದಾಮಿನ ಮೇಲೆ ನಮ್ಮ ಕೋಣೆ.
ಸಿಗ್ನಲ್ಲು ಕಿಟಕಿಯ ಎಡಮೂಲೆಗೆ ಮಾತ್ರ.
ಅಲ್ಲಿ ಫೋನನ್ನು ಉಪ್ಪಿನ ಡಬ್ಬಿಗೆ ಒರಗಿಸಿ
ಎಂಟರಿಂದ ಒಂಬತ್ತು ಹಾಟ್‌ಸ್ಪಾಟ್ ಬಿಡುತ್ತಿದ್ದೆ,
ಬೀದಿಗೆ ನಲ್ಲಿ ನೀರು ಬಿಟ್ಟ ಹಾಗೆ.
ಎಲ್ಲರೂ ಮೂಲೆಗೆ ಜರುಗಿ ಕೂರುವರು,
ಕತ್ತರಿ ಹಿಡಿದು ಹಿಡಿದು ಗಂಟುಬಿದ್ದ ಬೆರಳುಗಳಿಂದ
ಹೇಗಿದ್ದೀ, ಉಂಡೆಯಾ, ಎಂದು ಒತ್ತುವರು.
ವಿಡಿಯೋ ಕೂಡದು. ಕರೆಯಲ್ಲಿ ಮುಖ ಕೂಡದು, ದನಿ ಸಾಕು.
ಫೋಟೋ ಕಳಿಸುವುದು ಭಾನುವಾರ, ಮಸೀದಿ ಪಕ್ಕದ ಚಹಾದಂಗಡಿಯಲ್ಲಿ:
ಒಂದು ಲೋಟ ಕೊಂಡರೆ ವೈಫೈ ಪುಕ್ಕಟೆ.
ವಾರವಿಡೀ ಚಹಾ ಕತ್ತರಿಸಿದವರು
ದುಡ್ಡು ಕೊಟ್ಟು ಚಹಾ ಕೊಂಡು
ಒಂದೂವರೆ ಗಂಟೆ ಅದನ್ನು ಆರಲು ಬಿಡುತ್ತಿದ್ದೆವು.

ಒಂಬತ್ತನೆಯ ಬೆಳಿಗ್ಗೆ ಲೆಕ್ಕ ತಪ್ಪಿತು.
ಒಂದೇ ರಾತ್ರಿಗೆ ಎಂಟುನೂರು ಎಂಬಿ ಮಾಯ.
ಯಾರೂ ಒಪ್ಪಲಿಲ್ಲ. ಎತೇರಿ ಝುಝುನಾಳನ್ನು ನೋಡಿದಳು,
ಝುಝುನಾ ಗೋಡೆಯನ್ನು.
ಇಳಿಜಾರಿನಲ್ಲಿ ಚೀಲ ಹೊರುವಾಗ ಲಾಮಾರಾ
ಏದುಸಿರಿನ ನಡುವೆ ಹೇಳಿದಳು: ನಾನೇ.
ಮೊಮ್ಮಗ ಶಾಲೆಯಲ್ಲಿ ಕುಣಿದದ್ದು, ಮೂರು ನಿಮಿಷ.
ಎರಡನೇ ಸಾಲು. ಟೋಪಿ ಬೀಳುತ್ತೆ, ಅವನು ನಿಲ್ಲಿಸೋದಿಲ್ಲ.
ಇಪ್ಪತ್ತೊಂದು ಸಲ ನೋಡಿದೆ.

ಅಯ್ಯೋ ಪೆದ್ದೀ, ಭಾನುವಾರ ಇಳಿಸಿಟ್ಟುಕೊಂಡಿದ್ದರೆ
ಸಾವಿರ ಸಲ ನೋಡಬಹುದಿತ್ತು, ಒಂದು ಕಾಸಿಲ್ಲದೆ.
ಗೊತ್ತು, ಅಂದಳು.
ಇಳಿಸಿಟ್ಟುಕೊಂಡರೆ ಅದು ಮುಗಿದುಹೋದ ಕುಣಿತ.
ಅಲ್ಲಿಂದ ಬರ್ತಾ ಇದ್ದರೆ,
ಈಗ ಕುಣೀತಿದ್ದಾನೆ ಅನ್ಸುತ್ತೆ.
ಲೆಕ್ಕದವಳ ಬಾಯಿಗೆ ಉತ್ತರ ಹೊಳೆಯಲಿಲ್ಲ.
ಆ ರಾತ್ರಿ ಹಾಟ್‌ಸ್ಪಾಟ್ ಮುಚ್ಚಲು ಮರೆತು ಮಲಗಿದವಳು ನಾನು;
ಅದನ್ನು ಇವತ್ತಿಗೂ ಯಾರಿಗೂ ಹೇಳಿಲ್ಲ.
ಎಂಟುನೂರನ್ನು ಐದು ತಲೆಗೆ ಹಂಚಿ ಬರೆದೆ.

ಆಮೇಲೆ ಎಷ್ಟು ಬಿಗಿ ಹಿಡಿದೆವೆಂದರೆ
ಊರಿಗೆ ಹೊರಟ ದಿನ ಒಂದೂವರೆ ಜಿಬಿ ಉಳಿದೇಹೋಗಿತ್ತು.
ಕೂಲಿ ಒಳಲಂಗಕ್ಕೆ ಹೊಲಿದಿತ್ತು, ಚಹಾಪುಡಿ ಚೀಲದಲ್ಲಿತ್ತು.
ಇದನ್ನು ಮಾತ್ರ ಯಾವ ಸೆರಗಿಗೆ ಕಟ್ಟುವುದು?
ಗೇಟಿನ ಆಚೆ ಅದು ಇಪ್ಪತ್ತು ಸೊನ್ನೆಯೂ ಅಲ್ಲ.
ಕ್ಯೂ ಉದ್ದವಿತ್ತು. ಹಾಟ್‌ಸ್ಪಾಟ್ ತೆರೆದೆ.
ಸುರೀರೇ, ಅಂದೆ, ಎಷ್ಟು ಬೇಕೋ ಅಷ್ಟು.
ಎತೇರಿ ಗಂಡನ ಮುಖ ಕಂಡು ಬೈಯಲು ಶುರುಮಾಡಿದಳು.
ಲಾಮಾರಾ ಫೋನು ತೆಗೆಯಲೇ ಇಲ್ಲ.
ಸಂಜೆಗೆ ಅವನೇ ಎದುರಿಗಿರ್ತಾನೆ, ಅಂದು ಚೀಲಕ್ಕೊರಗಿದಳು.

ಹಾಗಾದರೆ ಕೊಂಡಿ ನನಗೆ ಕಳಿಸು, ಅಂದೆ.
ನೋಡಿದೆ. ಎರಡನೇ ಸಾಲು, ಕಿವಿ ಅಗಲದ ಹುಡುಗ.
ಮತ್ತೆ ಒತ್ತಿದೆ.
ಮೂರನೆಯ ಸಲ, ಕ್ಯೂ ನಾಲ್ಕು ಹೆಜ್ಜೆ ಜರುಗಿತು,
ಟೋಪಿ ತಲೆ ಬಿಟ್ಟಿತ್ತು, ನೆಲ ಮುಟ್ಟಿರಲಿಲ್ಲ,
ಗಾಳಿಯಲ್ಲೇ ನಿಂತಿತು,
ಅದರ ಮೇಲೆ ಸಣ್ಣದೊಂದು ಚಕ್ರ ತಿರುಗುತ್ತ.