ಟೈಲರೂ

ಪಾಠದಲ್ಲಿಲ್ಲದ್ದು, ಸುಮ್ಮನೆ ಹೇಳಿದೆ.
ಒಂಬತ್ತು ಬಿ, ಕನ್ನಡ ಮಾಧ್ಯಮ, ಹದಿನಾಲ್ಕು ಮಂದಿ.
ಅಮೇರಿಕದಲ್ಲಿ, ಸಾವಿರದ ಎಂಟುನೂರ ನಲವತ್ತರಲ್ಲಿ,
ಆಳಿಗಿಂತ ಎತ್ತರದ ಚೆಂಡು ಮಾಡಿ
ಮೈತುಂಬ ಘೋಷಣೆ ಬರೆದು
ಊರಿಂದೂರಿಗೆ ಉರುಳಿಸಿದರು, ಮಕ್ಕಳೇ,
ಹುಳಿಯೇರಿದ ಸೇಬಿನ ರಸ ಕುಡಿದು ಕೂಗಿದರು:
ಟಿಪ್ಪೆಕನೂ, ಟೈಲರೂ!

ಹಿಂದಿನ ಬೆಂಚಿನ ಮಿಸ್ರಿಯ ಎದ್ದಳು.
"ಯಾವ ಟೈಲರು ಟೀಚರೇ? ನಮ್ಮ ಅಂದುಂಞಿಚ್ಚನ ಹಾಗೆ
ಕುಪ್ಪಾಯ ಹೊಲಿಯುವವರಾ?"
ಅಲ್ಲ, ಅದು ಹೆಸರು. ಉಪಾಧ್ಯಕ್ಷನಾಗಲು ನಿಂತವನದು.
"ಮತ್ತೆ ಆ ಟಿಪ್ಪೆಕ?"
ಅದು ನದಿ, ಅಂದೆ.
ಅವಳು ಕೂತಳು. ನಾನು ನಿಂತೇ ಇದ್ದೆ.

ದಂಡೆಯ ಜನರ ಊರು ಸುಟ್ಟು ಬಂದವನಿಗೆ
ನದಿಯ ಹೆಸರು ಕಟ್ಟಿದರು.
ನದಿಗೆ ಯಾರೂ ಹೇಳಿರಲಿಕ್ಕಿಲ್ಲ.
ನಮ್ಮ ಶಿರಿಯ ಹೊಳೆಗೆ ಮಾತ್ರ ಯಾರು ಹೇಳಿದ್ದಾರೆ
ಅದು ಈಗ ಯಾವ ರಾಜ್ಯದ್ದೆಂದು?

ನನ್ನಪ್ಪ ಐತ ಪೈಂಟರ್.
ಕುಂಬಳೆಯಿಂದ ಸೀತಾಂಗೋಳಿವರೆಗಿನ ಕೆಂಪುಕಲ್ಲಿನ ಗೋಡೆಯೆಲ್ಲ
ಅವನ ಸ್ಲೇಟು.
ಓಟಿಗೆ ವರ್ಷ ಮೊದಲೇ ಗೋಡೆ ಬುಕ್ಕು:
ಮೂಲೆಯಲ್ಲಿ ಪಕ್ಷದ ಹೆಸರು, ಇಸವಿ,
ನಡುವೆ ಕಾಯುವ ಸುಣ್ಣ.
ಮೂರು ಪಕ್ಷಕ್ಕೂ ಒಂದೇ ಕುಂಚ, ಒಂದೇ ಡಬ್ಬದ ನೀಲಿ,
ಬಕೆಟು ಹಿಡಿಯಲು ನಾನು.
ಯಾರಿಗಪ್ಪಾ ನಿನ್ನ ಓಟು?
"ನೀರಿಳಿಯದ ಗೋಡೆಗೆ."

ರಸ್ತೆಯ ಆಚೆ ಮಲಯಾಳ, ಈಚೆ ಕನ್ನಡ,
ಒಂದೇ ಮಾತು ಎರಡು ಸಲ.
ಅಲ್ಲಿ 'ಉಂ' ಎಂದು ತುಟಿ ಮುಚ್ಚಿ ಮುಗಿದದ್ದು
ಇಲ್ಲಿ 'ಊ' ಎಂದು ಬಾಯಿ ತೆರೆದೇ ನಿಲ್ಲುತ್ತಿತ್ತು.
ಆ ದೀರ್ಘಕ್ಕೆ ಜಾಗ ಸಾಲದೆ ಎಷ್ಟೋ ಸಲ ಅಪ್ಪ
ಬಾಲವನ್ನು ಮೂಲೆ ತಿರುಗಿಸಿ ಆ ಕಡೆಯ ಗೋಡೆಗೆ ಇಳಿಸಿದ್ದಾನೆ.
ಆ ಕಡೆಯದು ಬೇರೆ ಪಕ್ಷದ ಗೋಡೆ.
ಬೈಗುಳವೂ ಎರಡು ಭಾಷೆಯಲ್ಲಿ.

ಆಮೇಲೆ ಫ್ಲೆಕ್ಸ್ ಬಂತು. ಒಂದೇ ಭಾಷೆಯಲ್ಲಿ ಬಂತು.
ಅಂದುಂಞಿ ಟೈಲರನ ಅಂಗಡಿಯ ಮಳೆಗಾಲದ ಮಾಡು
ಸೋತ ಅಭ್ಯರ್ಥಿಯ ಅರ್ಧ ನಗು.

"ಗೆದ್ದರಾ ಟೀಚರೇ ಅವರು?"
ಗೆದ್ದರು. ನದಿಯ ಹೆಸರಿನವ ತಿಂಗಳಿಗೇ ಸತ್ತ.
ಬಾಲಕ್ಕೆ ಕಟ್ಟಿದ 'ಟೈಲರೂ' ಕುರ್ಚಿಯಲ್ಲಿ ಕೂತ.
ತರಗತಿ ನಕ್ಕಿತು. ಬೆಲ್ಲಾಯಿತು.

ರೈಲ್ವೆ ಗೇಟಿನ ಹತ್ತಿರ, ಈ ಸಲದ ಮಳೆಗೆ
ಸುಣ್ಣ ಪದರ ಪದರ ಕಳಚಿದ ಗೋಡೆ.
ಎಲ್ಲಕ್ಕಿಂತ ಕೆಳಗೆ ಅಪ್ಪನ ಕೈ.
ಮುಂದಿನದ್ದಿಲ್ಲ, ಹಿಂದಿನದ್ದಿಲ್ಲ,
ಏನು ಬೇಕೆಂದಿತ್ತೋ, ಯಾರನ್ನು ಗೆಲ್ಲಿಸಿ ಎಂದಿತ್ತೋ,
ಉಳಿದದ್ದು ಎರಡೇ ಅಕ್ಷರ:
ನಾವೂ

ರಾತ್ರಿ ಊಟಕ್ಕೆ ಕೂತಾಗ ಕೇಳಿದೆ,
ಅದನ್ನು ಯಾತಕ್ಕೆ ಬರೆದದ್ದಪ್ಪಾ?
"ದುಡ್ಡಿಗೆ," ಅಂದ.
ನಡುಗುವ ಕೈಯಲ್ಲಿ ಗಂಜಿಯ ಬಟ್ಟಲು ತಿರುಗಿಸುತ್ತ
ಸ್ವಲ್ಪ ಹೊತ್ತು ಬಿಟ್ಟು ಕೇಳಿದ:
"ಬಾಲ ಇನ್ನೂ ಉಂಟಾ?"